ಚಾಕ್‌ಪೀಸಿನ ಚೂರಿನಿಂದ ಪ್ಲಾಸ್ಟರ್

"ಟೀಚರ್ರೀ, ನೀರಿನ ಅಣು ಅರ್ಧ ಹ್ಯಾಂಗ ಇರತದ್ರಿ? ಅದನ್ನ ಯಾರು ಕೊಯ್ದ್ರು?"

ಶಹಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹತ್ತನೆಯ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ನಡೆದಿತ್ತು. ಜಿಪ್ಸಂನಲ್ಲಿ ಒಂದು ಕ್ಯಾಲ್ಸಿಯಂ ಸಲ್ಫೇಟಿಗೆ ಎರಡು ನೀರಿನ ಅಣು, ಕಾಸಿದರೆ ಒಂದೂವರೆ ಹೋಗಿ ಅರ್ಧ ಉಳಿಯುತ್ತದೆ, ಅದೇ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂತ ಹಲಗೆಯ ಮೇಲೆ ಬರೆದಿದ್ದೆ. ಕಿಟಕಿ ಪಕ್ಕದ ಬೆಂಚಿನ ಹುಡುಗಿ ಕೇಳಿದ್ದು ಆಗ. ಎರಡು ಕ್ಯಾಲ್ಸಿಯಂ ಸಲ್ಫೇಟಿನ ನಡುವೆ ಒಂದು ನೀರಿನ ಅಣು ಹಂಚಿಕೆಯಾಗಿರುತ್ತದೆ, ಎರಡು ಮನೆಗೆ ಒಂದೇ ನಲ್ಲಿ ಇದ್ದ ಹಾಗೆ, ಯಾರೂ ಕೊಯ್ದಿಲ್ಲ ಅಂತ ಹೇಳಿದೆ. ತಲೆ ಆಡಿಸಿದಳು. ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಹನ್ನೊಂದು ವರ್ಷ ಈ ಸಮೀಕರಣ ಬರೆದ ನಾನು ಒಂದು ಸಲವೂ ಅದನ್ನು ಮಾಡಿ ನೋಡಿರಲಿಲ್ಲ. ನೀರು ಹೋಗುವುದು ನಿಜವಾದರೆ ತೂಕದಲ್ಲಿ ತಿಳಿಯಲೇಬೇಕು. ಆ ತೂಕವನ್ನು ಅವಳಿಗೆ ತೋರಿಸಬೇಕು ಅನ್ನಿಸಿತು.

ಆಮೇಲೆ ನಾವು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ನೀವೂ ಮಾಡಬಹುದು.

ಮೊದಲು ಜಿಪ್ಸಂ ಬೇಕು. ನಮ್ಮ ದೇಶದ ಜಿಪ್ಸಂ ಗಣಿಗಳು ಬಹುಪಾಲು ರಾಜಸ್ಥಾನದಲ್ಲಿವೆ. ಆದರೆ ಈ ಭಾಗದವರಿಗೆ ಜಿಪ್ಸಂ ಹೊಸದಲ್ಲ. ನಾರಾಯಣಪುರ ಎಡದಂಡೆ ಕಾಲುವೆ ನೀರು ಹರಿದ ಎರಿ ಹೊಲಗಳಲ್ಲಿ ಸವಳು ಎದ್ದಾಗ ನಮ್ಮಪ್ಪ ಜಿಪ್ಸಂ ಚೀಲ ತಂದು ಹರಡುತ್ತಿದ್ದರು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲೂ ಕ್ಲಿಂಕರ್, ಅಂದರೆ ಗೂಡಿನಿಂದ ಸುಟ್ಟು ಬಂದ ಗಟ್ಟಿ ಉಂಡೆಗಳನ್ನು ಅರೆಯುವಾಗ ನೂರಕ್ಕೆ ಮೂರರಿಂದ ಐದು ಪಾಲು ಜಿಪ್ಸಂ ಸೇರಿಸುತ್ತಾರೆ. ಅದಿಲ್ಲದಿದ್ದರೆ ಸಿಮೆಂಟು ನೀರು ತಾಗಿದ ಕೂಡಲೇ ಬಿಗಿದುಕೊಳ್ಳುತ್ತದೆ, ಕಲಸಲೂ ಆಗುವುದಿಲ್ಲ. ಹೊಲದ ಚೀಲದ ಜಿಪ್ಸಂ ಮಾತ್ರ ಈ ಕೆಲಸಕ್ಕೆ ಬೇಡ. ಅದರಲ್ಲಿ ಮಣ್ಣು ಜಾಸ್ತಿ. ಕೆಲವು ಚೀಲಗಳಲ್ಲಿ ಬರುವುದು ಗೊಬ್ಬರ ಕಾರ್ಖಾನೆಯ ಫಾಸ್ಫೋಜಿಪ್ಸಂ. ಅದರಲ್ಲಿ ಉಳಿದಿರುವ ಫ್ಲೋರೈಡ್, ಫಾಸ್ಫೇಟುಗಳನ್ನು ಒಲೆಯ ಮೇಲೆ ಮಕ್ಕಳ ಮುಂದೆ ಕಾಸಬಾರದು.

ನನಗೆ ಸಿಕ್ಕ ಜಿಪ್ಸಂ ಕಣ್ಣೆದುರೇ ಇತ್ತು. ಬರೆದು ಬರೆದು ಹಿಡಿಯಲಾರದಷ್ಟು ಚಿಕ್ಕದಾದ ಚಾಕ್‌ಪೀಸಿನ ತುಂಡುಗಳನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಡುವುದು ನಮ್ಮ ಶಾಲೆಯ ರೂಢಿ. ನಾವು ಸೀಮೆಸುಣ್ಣ ಅಂತ ಕರೆದರೂ ಇಲ್ಲಿ ಸಿಗುವ ಬಹಳಷ್ಟು ಚಾಕ್‌ಪೀಸುಗಳಲ್ಲಿ ಸುಣ್ಣ ಇಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸನ್ನು ನೀರಿನಲ್ಲಿ ಕಲಸಿ ಅಚ್ಚಿಗೆ ಹೊಯ್ದು ಒಣಗಿಸಿದವು ಅವು. ಅಂದರೆ ಗಟ್ಟಿಯಾಗಿ ಮತ್ತೆ ಜಿಪ್ಸಂ ಆಗಿರುವ ಪ್ಲಾಸ್ಟರ್. ಕೆಲವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನಿಂದಲೂ ಮಾಡುತ್ತಾರೆ. ಗುರುತು ಹಿಡಿಯಲು ಒಂದು ತುಂಡನ್ನು ಪುಡಿ ಮಾಡಿ ಲಿಂಬೆರಸ ಹಿಂಡಿ. ಬುಸುಬುಸು ನೊರೆ ಎದ್ದರೆ ಕಾರ್ಬೊನೇಟು, ನಮ್ಮ ಕೆಲಸಕ್ಕೆ ಬಾರದು. ಸುಮ್ಮನೆ ನೆನೆದು ಕೂತರೆ ಜಿಪ್ಸಂ. ಬಣ್ಣದ ತುಂಡುಗಳನ್ನು ಬೇರೆ ಮಾಡಿ. ಮನೆಯಲ್ಲಿ ಒಡೆದ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗಿನ ಚೂರು ಇದ್ದರೆ ಅದೂ ಆಗುತ್ತದೆ, ಪೇಂಟು ಕೆರೆದು ತೆಗೆದರೆ ಸಾಕು.

ತುಂಡುಗಳನ್ನು ಒಂದು ದಿನ ಬಿಸಿಲಿಗೆ ಹರಡಿ. ಮೈಗೆ ಹತ್ತಿದ ತೇವ ಹೋಗಲಿ, ಇಲ್ಲದಿದ್ದರೆ ತೂಕದ ಲೆಕ್ಕ ತಪ್ಪುತ್ತದೆ. ಆಮೇಲೆ ಕುಟ್ಟಿ, ಬಟ್ಟೆಯಲ್ಲಿ ಸೋಸಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಎದೆಗೆ ಒಳ್ಳೆಯದಲ್ಲ. ನಾವು 200 ಗ್ರಾಂ ತೂಗಿ ತೆಗೆದುಕೊಂಡೆವು. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಇನ್ನು ಕಾಸುವುದು. ಇಡೀ ಕೆಲಸ ಕೆಡುವುದೂ ಕೂಡುವುದೂ ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರೊಟ್ಟಿ ಸುಡುವ ಹಳೇ ಹಂಚಿನ ಮೇಲೆ ಎರಡು ಬೆರಳು ದಪ್ಪ ಉಸುಕು ಹಾಕಿ, ಅದರ ಮೇಲೆ ಅಗಲವಾದ ಅಲ್ಯೂಮಿನಿಯಂ ತಟ್ಟೆ ಇಟ್ಟು, ಪುಡಿಯನ್ನು ಒಂದು ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ. ಈ ಹಂಚು, ತಟ್ಟೆ ಮತ್ತೆ ಅಡುಗೆಗೆ ಬೇಡ. ಉಸುಕು ಇದ್ದರೆ ಉರಿ ನೇರವಾಗಿ ತಾಗದೆ ಬಿಸಿ ಸಮನಾಗಿ ಏರುತ್ತದೆ. ಗ್ಯಾಸು ಸಣ್ಣಗೆ ಇರಲಿ. ಕಟ್ಟಿಗೆಯ ಸೌಟಿನಿಂದ ಆಗಾಗ ಕೈಯಾಡಿಸುತ್ತಿರಿ.

ಪಠ್ಯದಲ್ಲಿ 373 ಕೆಲ್ವಿನ್, ಅಂದರೆ 100 ಡಿಗ್ರಿ ಸೆಲ್ಸಿಯಸ್ ಅಂತ ಇದೆ. ಆ ಬಿಸಿಯಲ್ಲಿ ನೀರು ಬಿಡುತ್ತದೆ, ಆದರೆ ಬಹಳ ನಿಧಾನ. ಪ್ಲಾಸ್ಟರ್ ಕಾರ್ಖಾನೆಗಳಲ್ಲಿ 120ರಿಂದ 180 ಡಿಗ್ರಿ ಇಡುತ್ತಾರೆ. ನಾವು 150ರ ಆಸುಪಾಸಿನಲ್ಲಿ ಇಟ್ಟೆವು. ಶಾಲೆಯ ಲ್ಯಾಬಿನ ಮಾಮೂಲಿ ಥರ್ಮಾಮೀಟರು 110 ಡಿಗ್ರಿಯದು. ಅದನ್ನು ಪುಡಿಯಲ್ಲಿ ತೂರಿಸಬೇಡಿ, ಒಡೆದರೆ ಪಾದರಸ ಚೆಲ್ಲುತ್ತದೆ. 360 ಡಿಗ್ರಿಯದಿದ್ದರೆ ಬಳಸಿ, ಇಲ್ಲದಿದ್ದರೆ ಕಣ್ಣನ್ನು ನಂಬಿ. ಬಿಸಿ ಸಾಕಷ್ಟು ಏರಿದಾಗ ಒಣ ಪುಡಿಯೇ ಗಂಜಿಯ ಹಾಗೆ ಕೊತಕೊತ ಅನ್ನತೊಡಗುತ್ತದೆ, ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳ್ಳಿ ಒಡೆದು ಕುಳಿ ಬೀಳುತ್ತವೆ. ಒಣಗಿದ ಕಲ್ಲಿನ ಪುಡಿ ಕುದಿಯುವುದನ್ನು ನೋಡಿ ಹುಡುಗರು ತಟ್ಟೆಯ ಸುತ್ತ ಮುತ್ತಿಕೊಂಡರು, ನಾನೇ ಹಿಂದೆ ಸರಿಸಬೇಕಾಯಿತು. ಹರಳಿನೊಳಗೆ ಕಟ್ಟಿಹಾಕಿಕೊಂಡಿದ್ದ ನೀರು ಆವಿಯಾಗಿ ಹೊರಗೆ ನುಗ್ಗುವ ರಭಸ ಅದು. ತಣ್ಣಗಿನ ಸ್ಟೀಲ್ ತಟ್ಟೆಯೊಂದನ್ನು ಮೇಲೆ ಹಿಡಿಯಿರಿ, ಹನಿ ಕಟ್ಟುತ್ತವೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ತಕ್ಕಡಿ ಹೇಳುತ್ತದೆ. ಲೆಕ್ಕ ಹೀಗಿದೆ. ಜಿಪ್ಸಂ 172 ಗ್ರಾಂ ಇದ್ದರೆ ಅದರಲ್ಲಿ ನೀರು 36 ಗ್ರಾಂ. ಒಂದೂವರೆ ಪಾಲು, ಅಂದರೆ 27 ಗ್ರಾಂ ಹೋದರೆ 145 ಗ್ರಾಂ ಪ್ಲಾಸ್ಟರ್ ಉಳಿಯುತ್ತದೆ, ಅದರೊಳಗೆ 9 ಗ್ರಾಂ ನೀರು. ನೂರಕ್ಕೆ ಲೆಕ್ಕ ಹಾಕಿದರೆ ಸುಮಾರು 84. ಹಾಗಾಗಿ ಅಚ್ಚ ಜಿಪ್ಸಂ 200 ಗ್ರಾಂ ಇಟ್ಟರೆ 168.6ಕ್ಕೆ ಬರಬೇಕು. ಚಾಕ್‌ಪೀಸಿನಲ್ಲಿ ಬೇರೆ ಪುಡಿಯೂ ಸ್ವಲ್ಪ ಬೆರೆತಿರುತ್ತದೆ, ಅದು ನೀರು ಬಿಡುವುದಿಲ್ಲ. ನಮ್ಮದು ಒಂದು ತಾಸಿನ ಮೇಲೆ 171ಕ್ಕೆ ಬಂದು ಹತ್ತು ನಿಮಿಷ ಅಲ್ಲೇ ನಿಂತಿತು. ಹಾಗೆ ನಿಂತ ಜಾಗದಲ್ಲಿ ಇಳಿಸಿಬಿಡಬೇಕು.

ಈ 171 ಮೂರನೆಯ ಪ್ರಯತ್ನದಲ್ಲಿ ಸಿಕ್ಕಿದ್ದು. ಮೊದಲ ಸಲ ಕೊತಕೊತ ಕಡಿಮೆಯಾದದ್ದೇ ಮುಗಿಯಿತು ಅಂದುಕೊಂಡು 181 ಗ್ರಾಂ ಇದ್ದಾಗಲೇ ಇಳಿಸಿದೆ. ಕಲಸಿದ ಮೂರು ನಿಮಿಷಕ್ಕೆ ಬೋಗುಣಿಯಲ್ಲೇ ಕಲ್ಲಾಯಿತು. ಕಾದಿರದ ಜಿಪ್ಸಂ ಚೂರುಗಳು ಅದರಲ್ಲಿ ಉಳಿದಿದ್ದವು, ಅವು ಹಾಲಿಗೆ ಹಾಕಿದ ಹೆಪ್ಪಿನಂತೆ ಕೆಲಸ ಮಾಡಿದವು. ಎರಡನೆಯ ಸಲ ಮನೆಯಲ್ಲಿ ಅವ್ವನ ಒಲೆಯ ಮೇಲೆ ಇಟ್ಟೆ. ಹತ್ತಿಕಟ್ಟಿಗೆಯ ಉರಿ ಎಷ್ಟು ಜೋರು ಅನ್ನುವುದು ನಮ್ಮ ಕಡೆಯವರಿಗೆ ಗೊತ್ತು. ಹಂಚಿನ ತಳ ಕೆಂಪಾಗುವವರೆಗೆ ಗಮನಿಸಲಿಲ್ಲ. ತೂಕ 161ಕ್ಕೆ ಇಳಿದಿತ್ತು, ಉಳಿಯಬೇಕಾದ ಅರ್ಧ ನೀರೂ ಹೋಗಿತ್ತು. 200 ಡಿಗ್ರಿಗೆ ಸ್ವಲ್ಪ ಮೇಲೆ ಆ ಅರ್ಧ ಹೋದರೆ ಪುಡಿ ಇನ್ನೂ ನೀರಿಗೆ ಹಾತೊರೆಯುತ್ತದೆ, ಗಾಳಿಯ ತೇವವನ್ನೇ ಎಳೆದುಕೊಂಡು ಸರಿಹೋಗುತ್ತದೆ. ಆದರೆ 350 ಡಿಗ್ರಿ ದಾಟಿತೆಂದರೆ ಹರಳಿನ ರಚನೆಯೇ ಬಿಗಿದು ಬದಲಾಗುತ್ತದೆ, ಆಮೇಲೆ ನೀರು ಕೊಟ್ಟರೂ ಬೇಗ ತೆಗೆದುಕೊಳ್ಳುವುದಿಲ್ಲ. ಸತ್ತ ಪ್ಲಾಸ್ಟರ್ ಅಂತಾರೆ ಅದಕ್ಕೆ. ರಾತ್ರಿ ಕಲಸಿಟ್ಟದ್ದು ಬೆಳಿಗ್ಗೆ ಕೈಯಾಡಿಸಿದರೆ ರಾಡಿಯಾಗಿಯೇ ಇತ್ತು. ಅವ್ವ ನೋಡಿ, "ರೊಟ್ಟಿ ಆದ್ರೂ ಅಷ್ಟೇ, ಪುಟ್ಟಿ, ಉರಿ ನೋಡಬೇಕು" ಅಂದಳು.

ತೂಗಿ ನೋಡಿ ನೀರಿನ ಜಾಡು ಹಿಡಿಯುವ ಈ ದಾರಿ ನನ್ನದಲ್ಲ. 1765ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವೋಸಿಯೇ ಓದಿದ ಮೊದಲ ಪ್ರಬಂಧ ಇದೇ ಜಿಪ್ಸಂ ಕುರಿತದ್ದು. ಕಾಸಿದಾಗ ಹೊರಬರುವುದು ನೀರೇ, ಗಟ್ಟಿಯಾಗುವಾಗ ಪ್ಲಾಸ್ಟರ್ ಆ ನೀರನ್ನೇ ಮರಳಿ ಪಡೆಯುತ್ತದೆ ಅಂತ ಆತ ತೋರಿಸಿದ. ಆಗ ಅವನಿಗೆ 21 ವರ್ಷ. ಇದನ್ನು ಕೇಳಿದಾಗ ಕಿಟಕಿ ಪಕ್ಕದ ಹುಡುಗಿ ತನಗಿಂತ ಎಷ್ಟು ದೊಡ್ಡವನು ಅಂತ ಬೆರಳು ಮಡಚಿ ಎಣಿಸಿದಳು. ಪ್ಲಾಸ್ಟರಿಗೆ ಪ್ಯಾರಿಸ್ಸಿನ ಹೆಸರು ಬಂದದ್ದು ಅಲ್ಲಿನ ಮೊಂಮಾರ್ತ್ರ್ ಗುಡ್ಡದ ಜಿಪ್ಸಂ ಗಣಿಗಳಿಂದ.

ಸುಣ್ಣವನ್ನೂ ಇದನ್ನೂ ಒಂದೇ ಅಂದುಕೊಳ್ಳುವವರು ಬಹಳ. ಬಹಮನಿ ಸುಲ್ತಾನರ ಗೋರಿಗಳಿರುವ ಕಲಬುರಗಿಯ ಹಫ್ತ ಗುಂಬಜಿಗೆ ಮಕ್ಕಳನ್ನು ಕರೆದೊಯ್ದಾಗ ಗೋಡೆಯ ಗಚ್ಚಿನ ಕುಸುರಿ ತೋರಿಸಿ ಇದೂ ಪಿಒಪಿ ಏನ್ರಿ ಅಂತ ಒಬ್ಬ ಕೇಳಿದ್ದ. ಅದು ಸುಣ್ಣದ ಗಾರೆ. ಸುಣ್ಣದ ಕಲ್ಲನ್ನು 900 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ. ನೀರಿನಲ್ಲಿ ಅರಳಿಸಿ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಸುಣ್ಣ ಕಳೆದುಕೊಂಡು ಪಡೆಯುವುದು ಗಾಳಿಯನ್ನು, ಜಿಪ್ಸಂ ನೀರನ್ನು. ಅದಕ್ಕೇ ಇದು ಅಡುಗೆ ಒಲೆಯಲ್ಲಿ ಆಗುತ್ತದೆ, ಅರ್ಧ ತಾಸಿನಲ್ಲಿ ಗಟ್ಟಿಯಾಗುತ್ತದೆ. ಮಳೆಗೆ ನಿಲ್ಲುವುದಿಲ್ಲ ಅನ್ನುವುದೂ ನಿಜ: ಗಟ್ಟಿಯಾದ ಜಿಪ್ಸಂ ಕೂಡ ಒಂದು ಲೀಟರ್ ನೀರಿನಲ್ಲಿ 2 ಗ್ರಾಂನಷ್ಟು ಕರಗುತ್ತದೆ. ಹೊರಗೋಡೆಗೆ ಬಳಸಬೇಡಿ.

ಆ 2 ಗ್ರಾಂನಲ್ಲೇ ಗಟ್ಟಿಯಾಗುವ ಗುಟ್ಟೂ ಇದೆ. ಕಾಸಿದ ಪುಡಿ ಅದೇ ಒಂದು ಲೀಟರಿನಲ್ಲಿ ಜಿಪ್ಸಂಗಿಂತ ಮೂರು ಪಟ್ಟು ಹೆಚ್ಚು ಕರಗುತ್ತದೆ. ಪುಡಿ ನೀರಿಗೆ ಬಿದ್ದು ಕರಗುತ್ತದೆ, ಕರಗಿದ್ದು ನೀರಿನ ಜೊತೆ ಕೂಡಿ ಜಿಪ್ಸಂ ಆಗುತ್ತದೆ. ಆದರೆ ಅಷ್ಟು ಜಿಪ್ಸಂ ಹಿಡಿಸಿಕೊಳ್ಳುವ ಶಕ್ತಿ ಆ ನೀರಿಗಿಲ್ಲ, ಹಾಗಾಗಿ ಹೆಚ್ಚಾದದ್ದು ಸೂಜಿಯಂಥ ಹರಳಾಗಿ ಹೊರಬೀಳುತ್ತದೆ. ಜಾಗ ತೆರವಾದಂತೆ ಇನ್ನಷ್ಟು ಪುಡಿ ಕರಗುತ್ತದೆ, ಇನ್ನಷ್ಟು ಸೂಜಿ ಬೆಳೆಯುತ್ತವೆ. ಜಾಲಿ ಮುಳ್ಳಿನ ಹೊರೆ ಹೊತ್ತು ತಂದು ಬೇಲಿಗೆ ಒತ್ತಿದರೆ ಮುಳ್ಳಿಗೆ ಮುಳ್ಳು ಸಿಕ್ಕಿಕೊಂಡು ಹೇಗೆ ಬಿಡಿಸಲಾರದಂತಾಗುತ್ತದೋ ಹಾಗೆ ಸೂಜಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗಟ್ಟಿತನ ಅಂದರೆ ಆ ಹೆಣಿಗೆಯೇ. ಇದನ್ನು 1887ರಲ್ಲಿ ವಿವರಿಸಿದವನು ಫ್ರೆಂಚ್ ರಸಾಯನಶಾಸ್ತ್ರಜ್ಞ ಲ ಶಾತೆಲಿಯೇ.

ಇದು ಮನಸ್ಸಿನಲ್ಲಿದ್ದರೆ ಕಲಸುವ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ನೀರು ಎಷ್ಟು? 100 ಗ್ರಾಂ ಪುಡಿಗೆ ರಸಾಯನಶಾಸ್ತ್ರಕ್ಕೆ ಬೇಕಾದದ್ದು 18.6 ಗ್ರಾಂ ಅಷ್ಟೇ. ಅಷ್ಟರಲ್ಲಿ ಕಲಸಿದರೆ ಒದ್ದೆ ಉಸುಕಿನ ಹಾಗಿರುತ್ತದೆ, ಹೊಯ್ಯಲು ಬರುವುದಿಲ್ಲ. ಅದಕ್ಕೆ ನಾವು 70 ಗ್ರಾಂ ಹಾಕುತ್ತೇವೆ. ಉಳಿದ ನೀರು ಆಮೇಲೆ ಆರಿಹೋಗಿ ಆ ಜಾಗ ಸಣ್ಣ ರಂಧ್ರಗಳಾಗಿ ಉಳಿಯುತ್ತದೆ. ನೀರು ಹೆಚ್ಚಿದಷ್ಟೂ ರಂಧ್ರ ಹೆಚ್ಚು, ಮೆದುವೂ ಹೆಚ್ಚು. ಹಲ್ಲಿನ ಡಾಕ್ಟರು ಅಚ್ಚಿಗೆ ಬಳಸುವ ಗಟ್ಟಿ ಪುಡಿ ಇದೇ ವಸ್ತುವಾದರೂ ಒತ್ತಡದ ಹಬೆಯಲ್ಲಿ ಕಾಸಿದ್ದು. ಅದರ ಕಣಗಳು ನುಣುಪಾಗಿ, ಒತ್ತಾಗಿ ಇರುವುದರಿಂದ ಅರ್ಧದಷ್ಟು ನೀರಿನಲ್ಲೇ ಹರಿಯುತ್ತದೆ. ನಮ್ಮ ಹಂಚಿನ ಪುಡಿ ಒರಟು, ಹೆಚ್ಚು ನೀರು ಕೇಳುತ್ತದೆ.

ಬೋರಿನ ನೀರು ಬೇಡ. ಅದರ ಉಪ್ಪು ಗಟ್ಟಿಯಾಗುವ ಹೊತ್ತನ್ನು ಏರುಪೇರು ಮಾಡುತ್ತದೆ, ಒಣಗಿದ ಮೇಲೆ ಬಿಳಿ ಹೂವಿನಂತೆ ಮೇಲೇಳುತ್ತದೆ. ನಾವು ಊರಿನ ಶುದ್ಧ ನೀರಿನ ಘಟಕದ ಕ್ಯಾನಿನಿಂದ ತಂದೆವು. ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನಿಂದ ನೇರ ಹಿಡಿಯಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಪ್ಲಾಸ್ಟರ್ ಬೇಗ ಬಿಗಿಯುತ್ತದೆ, ಸುಡು ನೀರಿನಲ್ಲಿ ನಿಧಾನ, ಕುದಿಯುವ ನೀರಿನಲ್ಲಿ ಬಿಗಿಯುವುದೇ ಇಲ್ಲ. ಅಷ್ಟು ಬಿಸಿಯಲ್ಲಿ ಜಿಪ್ಸಂ, ಪ್ಲಾಸ್ಟರ್ ಎರಡೂ ಹತ್ತಿರ ಹತ್ತಿರ ಒಂದೇ ಅಳತೆಯಲ್ಲಿ ಕರಗುತ್ತವೆ. ವ್ಯತ್ಯಾಸವೇ ಇಲ್ಲದ ಮೇಲೆ ಸೂಜಿ ಹೊರಬೀಳುವುದು ಎಲ್ಲಿಂದ?

ನೀರಿಗೆ ಪುಡಿ ಹಾಕಿ, ಪುಡಿಗೆ ನೀರು ಹಾಕಬೇಡಿ. ಇದನ್ನು ನನಗೆ ಕಲಿಸಿದವರು ನಮ್ಮ ಓಣಿಯಲ್ಲಿ ಪಿಒಪಿ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ. "ಅಕ್ಕಾರ, ನೀರಿನ ಮ್ಯಾಲ ಹಿಟ್ಟು ಉದುರಿಸಿದಂಗ ಉದುರಿಸ್ರಿ, ಅದು ತಾನಾ ಕುಡೀತದ" ಅಂದರು. ಪುಡಿ ನೀರಿನ ಮೇಲೆ ಕೂತು, ಕಪ್ಪಾಗಿ ನೆನೆದು, ತಳಕ್ಕಿಳಿಯುತ್ತದೆ. ನೀರಿನ ಮಟ್ಟಕ್ಕೆ ಪುಡಿಯ ಸಣ್ಣ ದ್ವೀಪಗಳು ಕಾಣುವವರೆಗೆ ಹಾಕಿ, ಒಂದೆರಡು ನಿಮಿಷ ಕೈ ಹಚ್ಚದೆ ಬಿಡಿ. ಕಣಗಳ ನಡುವಿನ ಗಾಳಿ ಹೊರಬರಲಿ. ಆಮೇಲೆ ಸೌಟನ್ನು ಮೇಲೆತ್ತದೆ ತಳದಲ್ಲೇ ಮೆಲ್ಲಗೆ ಒಂದು ನಿಮಿಷ ತಿರುಗಿಸಿ. ಗಟ್ಟಿ ಅಂಬಲಿಯ ಹದ. ಹೆಚ್ಚು ಕಲಸಿದರೆ ಹುಟ್ಟುತ್ತಿರುವ ಸೂಜಿಗಳು ಮುರಿದು ನೂರಾರು ಹೊಸ ಹೆಪ್ಪಾಗಿ ಬೇಗ ಬಿಗಿಯುತ್ತದೆ, ಆದರೆ ಹೆಣಿಗೆ ಸಡಿಲ. ಬಿಗಿಯತೊಡಗಿದ ಮೇಲೆ ಮತ್ತೆ ನೀರು ಹಾಕಿ ಕಲಸುವುದಂತೂ ಕೂಡದು. ಮುರಿದ ಬೇಲಿ ತಾನಾಗಿ ಕೂಡಿಕೊಳ್ಳುವುದಿಲ್ಲ, ಅದನ್ನು ಚೆಲ್ಲಿಬಿಡಿ.

ಬೋಗುಣಿ ತೊಳೆದಿರಬೇಕು. ಹಿಂದಿನ ಸಲದ ಒಣಗಿದ ಚೂರು ಅಂಟಿದ್ದರೆ ಅದೂ ಹೆಪ್ಪೇ. ನಮ್ಮ ಹುಡುಗರು ಹಳೇ ಪ್ಲಾಸ್ಟಿಕ್ ಚೆಂಡನ್ನು ಅರ್ಧಕ್ಕೆ ಕೊಯ್ದು ಬೋಗುಣಿ ಮಾಡಿದ್ದರು. ಒತ್ತಿದರೆ ಅಂಟಿದ್ದೆಲ್ಲ ಸಿಡಿದು ಬರುತ್ತದೆ. ತೊಳೆದ ನೀರನ್ನು ಮೋರಿಗೆ ಚೆಲ್ಲಬೇಡಿ, ಪೈಪಿನೊಳಗೇ ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ತಳಕ್ಕೆ ಬಿಟ್ಟು ಆಮೇಲೆ ಕೆರೆದು ತೆಗೆಯಿರಿ.

ಹೊತ್ತು ಬೇಕೆನಿಸಿದರೆ ಕಿರಾಣಿ ಅಂಗಡಿಯ ಲಿಂಬಿ ಉಪ್ಪು, ಅಂದರೆ ಸಿಟ್ರಿಕ್ ಆಮ್ಲವನ್ನು ಕಿಲೋ ಪುಡಿಗೆ ಒಂದು ಗ್ರಾಂನಷ್ಟು ನೀರಿನಲ್ಲಿ ಕರಗಿಸಿ. ಅದು ಹುಟ್ಟುವ ಹರಳುಗಳ ಮೈಗೆ ಅಂಟಿಕೊಂಡು ಬೆಳೆಯಗೊಡುವುದಿಲ್ಲ. ಹೆಚ್ಚಾದರೆ ಪ್ಲಾಸ್ಟರ್ ಬಲ ಕಳೆದುಕೊಳ್ಳುತ್ತದೆ. ಬೇಗ ಬೇಕಾದರೆ ಚಿಟಿಕೆ ಅಡುಗೆ ಉಪ್ಪು.

ಅಚ್ಚಿಗೆ ನಾವು ಆರಿಸಿದ್ದು ಹತ್ತಿ ಎಲೆ. ಎರಿ ಮಣ್ಣನ್ನು ನಾದಿ ತಟ್ಟಿ, ಎಲೆಯ ಬೆನ್ನನ್ನು ಮಣ್ಣಿಗೆ ಒತ್ತಿ, ಎಲೆ ತೆಗೆದು ಸುತ್ತ ರಟ್ಟಿನ ಪಟ್ಟಿ ನಿಲ್ಲಿಸಿ ಹೊಯ್ದೆವು. ಎರಿ ಮಣ್ಣು ಒಣಗಿದರೆ ಬಿರಿಯುತ್ತದೆ, ಅದಕ್ಕೆ ಒತ್ತಿದ ಕೂಡಲೇ ಹೊಯ್ಯಬೇಕು. ಗಟ್ಟಿಯಾಗುವಾಗ ಪ್ಲಾಸ್ಟರ್ ಕುಗ್ಗುವುದಿಲ್ಲ. ಸೂಜಿಗಳು ಒಂದನ್ನೊಂದು ತಳ್ಳುವುದರಿಂದ ನೂರು ಪಾಲಿಗೆ ಬರೀ ಕಾಲು ಪಾಲಿನಷ್ಟು (ಶೇಕಡಾ 0.25) ಹಿಗ್ಗಿ ಅಚ್ಚಿನ ಮೂಲೆ ಮೂಲೆಗೆ ಒತ್ತಿಕೊಳ್ಳುತ್ತದೆ. ಎಲೆಯ ಅತಿ ಸಣ್ಣ ನರವೂ ಮೂಡಿತ್ತು.

ಹತ್ತು ನಿಮಿಷಕ್ಕೆ ಮೇಲಿನ ಹೊಳಪು ಮಾಯವಾಗುತ್ತದೆ. ಆಮೇಲೆ ಮುಟ್ಟಿ ನೋಡಿ, ಬಿಸಿಯಾಗುತ್ತಿರುತ್ತದೆ. ಕಾಸುವಾಗ ಕೊಟ್ಟ ಶಾಖದ ಒಂದು ಪಾಲು ನೀರು ಮರಳಿದಾಗ ಹೊರಬರುತ್ತದೆ. ಮಕ್ಕಳು ಸಾಲಾಗಿ ಬಂದು ಅಂಗೈ ಇಟ್ಟು ನೋಡಿದರು. ಆದರೆ ಯಾರೂ ಕೈಯನ್ನು ಒದ್ದೆ ಪ್ಲಾಸ್ಟರಿನೊಳಗೆ ಮುಳುಗಿಸಿ ಅಚ್ಚು ತೆಗೆಯಲು ಹೋಗಬಾರದು. ದಪ್ಪ ಮುದ್ದೆಯ ಒಳಗೆ 60 ಡಿಗ್ರಿ ದಾಟಬಹುದು, ಕೈ ಸಿಕ್ಕಿಕೊಂಡಿರುತ್ತದೆ, ಸುಟ್ಟ ಗಾಯ ಆಳವಾಗಿ ಆಗುತ್ತದೆ. ಆಸ್ಪತ್ರೆಯ ಪಟ್ಟಿ ತೆಳುವಾಗಿರುವುದರಿಂದ ಬಿಸಿ ಆರಿಹೋಗುತ್ತದೆ. ಬಿಸಿ ಏರಿ ಇಳಿದ ಮೇಲೆ ಅಚ್ಚಿನಿಂದ ಬಿಡಿಸಿ.

ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವ ಕಡೆ. ಒಲೆಯ ಪಕ್ಕ ಇಟ್ಟರೆ ಮತ್ತೆ ನೀರು ಬಿಟ್ಟು ಮೈ ಪುಡಿಪುಡಿಯಾಗುತ್ತದೆ. ಚಾಕ್‌ಪೀಸು ಬೇಕಾದರೆ ಕಾಗದದ ಕೊಳವೆಗೆ ಒಳಗೆ ಕುಸುಬಿ ಎಣ್ಣೆ ಸವರಿ, 100 ಗ್ರಾಂ ಪುಡಿಗೆ 100 ಗ್ರಾಂ ನೀರು ಹಾಕಿ ಹೊಯ್ಯಿರಿ. 70ರ ಅಳತೆಯದು ಹಲಗೆಯನ್ನು ಗೀಚುತ್ತದೆ, ಬರೆಯುವುದಿಲ್ಲ.

ತೂಕದ ಲೆಕ್ಕಕ್ಕೆ ಒಂದನ್ನು ಬೇರೆಯಾಗಿ ಮಾಡಿದೆವು. ಮೊದಲೇ ತೂಗಿಟ್ಟ ಪ್ಲಾಸ್ಟಿಕ್ ಲೋಟದಲ್ಲೇ 100 ಗ್ರಾಂ ಪುಡಿ, 70 ಗ್ರಾಂ ನೀರು ಕಲಸಿ, ಕಲಸಿದ ಕಡ್ಡಿಯನ್ನೂ ಅಲ್ಲೇ ಬಿಟ್ಟೆವು, ಒಂದು ಚೂರೂ ಹೊರಗೆ ಹೋಗದ ಹಾಗೆ. ಮರುದಿನ ಲೋಟವನ್ನು ಕೊಯ್ದು ತೆಗೆದು ಸ್ಟಾಫ್‌ರೂಮಿನ ಕಿಟಕಿಯಲ್ಲಿಟ್ಟೆ. ಕಡ್ಡಿಯ ತೂಕ ಕಳೆದು ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಬರೆದಿಡುವ ಕೆಲಸ ಕಿಟಕಿ ಪಕ್ಕದ ಹುಡುಗಿಯದು. 166, 152, 139, 128, 121, 118, 117. ಎಂಟನೆಯ ದಿನವೂ 117. 70 ಗ್ರಾಂ ನೀರಿನಲ್ಲಿ 53 ಗ್ರಾಂ ಗಾಳಿಗೆ ಹೋಗಿತ್ತು, 17 ಗ್ರಾಂ ಹೋಗಲೇ ಇಲ್ಲ. ನಮ್ಮ 171 ಗ್ರಾಂ ಪುಡಿ ಕಾಸುವಾಗ ಕಳೆದುಕೊಂಡದ್ದು 29 ಗ್ರಾಂ. ನೂರಕ್ಕೆ ಎಷ್ಟಾಯಿತು, ನೀನೇ ಹಾಕಿ ನೋಡು ಅಂದೆ.

ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಭಾಗಿಸಿದಳು. 16.96 ಬಂತು. ಮತ್ತೊಮ್ಮೆ ಭಾಗಿಸಿ ನೋಡಿದಳು.

"ಹೋದಷ್ಟೇ ಬಂದದ್ರಿ ಟೀಚರ್" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮತ್ತ ಆ ಅರ್ಧ ನೀರು ಪುಡಿಯೊಳಗ ಇದ್ದದ್ದು ಖರೇ ಅಂತ ಹ್ಯಾಂಗ ತೋರಸ್ತೀರಿ?"

ಅವ್ವನ ಒಲೆಯಲ್ಲಿ ಸತ್ತ ಪುಡಿಯ 161ರ ಲೆಕ್ಕವನ್ನು ಅವಳ ಮುಂದಿಟ್ಟೆ.